ಗೇರು ಬೀಳದ ಏರು

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಎಲ್ಲರೂ ಅಜ್ಜಯ್ಯ ಎಂದು ಕರೆಯುವ ಒಬ್ಬ ಗುರು, ಕೆಲವು ಶಿಷ್ಯರು, ಒಂದು ಹಳೆಯ ವ್ಯಾನು.

ಹೊಳೆಯಾಚೆಯ ಹಟ್ಟಿಗಳಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಬಸುರಿಗೆ ನೋವು ಬಂದರೆ, ವ್ಯಾನು ಸೇತುವೆ ದಾಟಿ ಹೋಗಿ ಅವರನ್ನು ಈಚೆಯ ಪೇಟೆಯ ಆಸ್ಪತ್ರೆಗೆ ತರುತ್ತಿತ್ತು. ಅದನ್ನು ಓಡಿಸುತ್ತಿದ್ದವಳು ಹಾಲಮ್ಮ.

ಹಾಲಮ್ಮ ಆಶ್ರಮಕ್ಕೆ ಬಂದದ್ದು ಮಂತ್ರ ಕೇಳಲು.

"ಮನಸ್ಸಿಗೆ ನೆಮ್ಮದಿ ಇಲ್ಲ ಅಜ್ಜಯ್ಯ. ನನ್ನ ತಂಗಿ ಹೆರಿಗೆ ನೋವಿನಲ್ಲಿ ಹೋದಳು. ಬೆಳಗಿನಿಂದ ಗಾಡಿಗಾಗಿ ಕಾದೆವು."

"ಬಂತೇ?"

"ಬರಲಿಲ್ಲ."

ಅಜ್ಜಯ್ಯ ಮಂತ್ರ ಕೊಡಲಿಲ್ಲ. ಅವಳನ್ನು ಪೇಟೆಗೆ, ಗಾಡಿ ಓಡಿಸುವುದನ್ನು ಕಲಿಯಲು ಕಳಿಸಿದರು.

ಕಲಿತು ಬಂದಳು. ಅಂದಿನಿಂದ ವ್ಯಾನು ಅವಳ ಕೈಯಲ್ಲಿತ್ತು. ಹಗಲು ಓಡಿಸಿದಳು, ಮಳೆಯಲ್ಲಿ ಓಡಿಸಿದಳು, ಹಬ್ಬದ ದಿನ ಉಳಿದವರು ಊಟಕ್ಕೆ ಕೂತಾಗಲೂ ಎದ್ದು ಹೋಗಿ ಓಡಿಸಿದಳು. ಯಾರೂ ಏನೂ ಅನ್ನಲಿಲ್ಲ.

ಅನ್ನುವುದಕ್ಕೆ ಒಂದು ಕಾರಣ ಸಿಗುವವರೆಗೆ.

ಈಚೆಗೆ ವ್ಯಾನಿನ ಗೇರು ಬಿಗಿಯಾಗಿತ್ತು. ಒಂದನೇ ಗೇರು ಹಟ ಮಾಡುತ್ತಿತ್ತು. ರಿವರ್ಸ್ ಹಾಕಿದರೆ ಕರಕರ ಎಂದು ಹಲ್ಲು ಕಡಿಯುತ್ತಿತ್ತು. ಹಳೆಯ ಗಾಡಿ, ಹಾಗೇ ಇರುತ್ತದೆ ಎಂದುಕೊಂಡು ಹಾಲಮ್ಮ ಕೈಗೆ ಇನ್ನಷ್ಟು ಬಲ ಹಾಕಿ ಓಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಹಟ್ಟಿಯಿಂದ ಮೈಲಮ್ಮ ಎಂಬ ಬಸುರಿಯನ್ನು ಕರೆತರುತ್ತಿದ್ದಳು. ಪಕ್ಕದಲ್ಲಿ ಮೈಲಮ್ಮನ ಅತ್ತೆ ಇದ್ದಳು. ಸೇತುವೆ ದಾಟಿದ ಕೂಡಲೇ ಆಶ್ರಮದ ಮಗ್ಗುಲಿಗೇ ಒಂದು ಕಡಿದಾದ ಏರು. ಏರಿನ ನಡುವೆ ಎಮ್ಮೆಗಳು ಅಡ್ಡ ಬಂದವು. ವ್ಯಾನಿನ ವೇಗ ಸತ್ತಿತು. ಹಾಲಮ್ಮ ಎರಡನೇ ಗೇರಿನಿಂದ ಬಿಡಿಸಿ ಒಂದಕ್ಕೆ ತಳ್ಳಿದಳು.

ಬೀಳಲಿಲ್ಲ.

ಮತ್ತೆ ತಳ್ಳಿದಳು. ಗೇರು ಕರಕರ ಎಂದಿತೇ ಹೊರತು ಒಳಗೆ ಹೋಗಲಿಲ್ಲ. ವ್ಯಾನು ನಿಂತಿತು. ನಿಂತದ್ದು ಮೆಲ್ಲಗೆ ಹಿಂದಕ್ಕೆ, ಹೊಳೆಯ ಕಡೆಗೆ ಜಾರಿತು.

ಅತ್ತೆ ಕಿರುಚಿದಳು. ಹಾಲಮ್ಮ ಬ್ರೇಕ್ ಒತ್ತಿ ಹಿಡಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಗಾಡಿ ನಿಂತಿತು. ಸಿಟ್ಟಿನಿಂದ ಕ್ಲಚ್ ಪೆಡಲನ್ನು ದಬದಬ ತುಳಿದು ಮತ್ತೆ ತಳ್ಳಿದಾಗ ಗೇರು ಬಿತ್ತು. ಆಸ್ಪತ್ರೆ ಮುಟ್ಟಿಸಿದಳು. ಮಧ್ಯಾಹ್ನಕ್ಕೆ ಮೈಲಮ್ಮನಿಗೆ ಹೆಣ್ಣು ಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಆದರೆ ಹಟ್ಟಿಯಲ್ಲಿ ಹಬ್ಬಿದ ಸುದ್ದಿ ಬೇರೆ. ಹಾಲಮ್ಮ ಗಾಡಿಯನ್ನು ಹೊಳೆಗೆ ಬಿಡುವುದರಲ್ಲಿದ್ದಳು ಎಂಬುದು ಆ ಸುದ್ದಿ.

ಸಂಜೆ ಆಶ್ರಮದ ಆಡಳಿತ ನೋಡಿಕೊಳ್ಳುವ ಕೊಟ್ರಯ್ಯ ಅವಳನ್ನು ಕರೆಸಿದರು. ಜಗಲಿಯ ಮೇಲೆ ಹಟ್ಟಿಯ ಹಿರಿಯರೂ ಕೂತಿದ್ದರು.

"ಕೀ ಕೊಡಮ್ಮ" ಎಂದರು ಕೊಟ್ರಯ್ಯ.

"ಯಾಕೆ?"

"ಗಾಡಿ ರಿಪೇರಿಯ ಆಚಾರಿಗೆ ಫೋನು ಮಾಡಿದ್ದೆ. ಗಾಡಿಯ ಸದ್ದು ಹೇಗಿತ್ತು ಅಂತ ಹೇಳಿದೆ. ಗೇರ್‌ಬಾಕ್ಸೇ ಹೋಗಿರಬೇಕು ಅಂದ. ಒರಟಾಗಿ ಓಡಿಸಿದರೆ ಹಾಗಾಗುತ್ತದಂತೆ."

"ಆಚಾರಿ ಬಂದು ನೋಡಿದರೇ?"

"ನೋಡಬೇಕಾದದ್ದನ್ನು ಮೈಲಮ್ಮನ ಅತ್ತೆ ನೋಡಿದ್ದಾಳಲ್ಲ. ಹೆಣ್ಣುಮಗಳ ಕೈಗೆ ಆಗುವ ಕೆಲಸವಲ್ಲ ಇದು. ಸೋಮವಾರದಿಂದ ಪೇಟೆಯ ಒಬ್ಬ ಡ್ರೈವರ್ ಬರುತ್ತಾನೆ. ನೀನು ಅಡುಗೆಮನೆ ನೋಡಿಕೋ."

ಹಾಲಮ್ಮ ಕೀಯನ್ನು ಅವರ ಕೈಗೆ ಕೊಡಲಿಲ್ಲ. ನೇರವಾಗಿ ಹೊಳೆಯ ದಂಡೆಗೆ ಹೋಗಿ, ಅಲ್ಲಿ ಕೂತಿದ್ದ ಅಜ್ಜಯ್ಯನ ಮುಂದೆ ಇಟ್ಟಳು. ಕೊಟ್ರಯ್ಯ ಹಿಂದೆಯೇ ಬಂದರು.

"ಅಜ್ಜಯ್ಯ, ಇವರು ಕೀ ಕೇಳುತ್ತಾರೆ. ನೀವು ಕೊಟ್ಟದ್ದು. ತೆಗೆದುಕೊಳ್ಳುವುದಾದರೆ ನೀವೇ ತೆಗೆದುಕೊಳ್ಳಿ."

ಅಜ್ಜಯ್ಯ ಕೀ ನೋಡಿದರು.

"ತಪ್ಪು ಯಾರದು?"

"ಇವಳ ಕೈಯದು" ಎಂದರು ಕೊಟ್ರಯ್ಯ. "ಆಚಾರಿ ಗೇರ್‌ಬಾಕ್ಸ್ ಅನ್ನುತ್ತಾನೆ. ಅದನ್ನು ಕೆಡಿಸಿದವಳೂ ಇವಳೇ."

"ನನ್ನದಲ್ಲ" ಎಂದಳು ಹಾಲಮ್ಮ. "ಗಾಡಿಯದು."

"ಇಷ್ಟು ಜನ ಹೇಳಿದ್ದಾಯಿತು" ಎಂದರು ಅಜ್ಜಯ್ಯ. "ಗಾಡಿಯನ್ನು ಯಾರಾದರೂ ಕೇಳಿದಿರೇ?"

ಅಜ್ಜಯ್ಯ ಕೀ ಎತ್ತಿಕೊಂಡು ಎದ್ದರು. ಮೆಲ್ಲಗೆ ನಡೆದು ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ಹಾಲಮ್ಮ ಸ್ಟೀರಿಂಗಿನ ಮುಂದೆ ಕೂತಳು.

"ಹಾಕು" ಎಂದರು.

ಅವಳು ಎಂಜಿನ್ ಹಾಕಿ, ಕ್ಲಚ್ ಒತ್ತಿ, ಗೇರು ತಳ್ಳಿದಳು. ಕರಕರ ಸದ್ದಾಯಿತು. ಮತ್ತೆ ತಳ್ಳಿದಳು, ಅದೇ ಸದ್ದು. ಹೊರಗೆ ನಿಂತಿದ್ದ ಕೊಟ್ರಯ್ಯ ಕಿವಿ ಮುಚ್ಚಿಕೊಂಡರು.

ಅಜ್ಜಯ್ಯ ಕೈ ಚಾಚಿ ಕೀ ತಿರುಗಿಸಿದರು. ಎಂಜಿನ್ ಆರಿತು.

"ಈಗ ಹಾಕು."

ಹಾಲಮ್ಮ ಅನುಮಾನದಿಂದಲೇ ಗೇರು ತಳ್ಳಿದಳು. ಬೆಣ್ಣೆಗೆ ಚಾಕು ಇಳಿದಂತೆ ಒಂದನೇ ಗೇರು ಬಿತ್ತು. ಎರಡು ಬಿತ್ತು. ಮೂರು, ನಾಲ್ಕು, ರಿವರ್ಸ್, ಎಲ್ಲವೂ ಬಿದ್ದವು.

ಅವಳು ಅಜ್ಜಯ್ಯನತ್ತ ತಿರುಗುವಷ್ಟರಲ್ಲಿ ಅವರು ಇಳಿದಿದ್ದರು. ಕೀ ಗಾಡಿಯಲ್ಲೇ ಇತ್ತು.

"ಸೋಮವಾರದವರೆಗೆ ಅವಳ ಹತ್ತಿರ ಇರಲಿ" ಎಂದು ಕೊಟ್ರಯ್ಯನಿಗೆ ಹೇಳಿ ಹೊಳೆಯ ಕಡೆಗೆ ಹೋದರು.

ಹಾಲಮ್ಮ ಬಹಳ ಹೊತ್ತು ಗಾಡಿಯಲ್ಲೇ ಕೂತಳು. ಎಂಜಿನ್ ಹಾಕಿ ನೋಡಿದಳು, ಆರಿಸಿ ನೋಡಿದಳು. ಹಾಕಿದಾಗ ಬಿಗಿ, ಆರಿಸಿದಾಗ ಸಲೀಸು. ಗೇರ್‌ಬಾಕ್ಸ್ ಎರಡು ಸಲವೂ ಅದೇ. ಅದರ ಹಲ್ಲು ಮುರಿದಿದ್ದರೆ, ಕೋಲು ಬಾಗಿದ್ದರೆ, ಎಂಜಿನ್ ಆರಿಸಿದಾಗಲೂ ಬಿಗಿಯಾಗಿಯೇ ಇರಬೇಕಿತ್ತು.

ಓಡಿಹೋಗಿ ಅಜ್ಜಯ್ಯನ ಮುಂದೆ ನಿಂತಳು.

"ಗೇರ್‌ಬಾಕ್ಸ್ ಚೆನ್ನಾಗಿದೆ ಅಜ್ಜಯ್ಯ. ಆಚಾರಿ ಹೇಳಿದ್ದು ತಪ್ಪು."

"ಆಚಾರಿಯ ತಪ್ಪು ಸಿಕ್ಕಿತು" ಎಂದರು ಅಜ್ಜಯ್ಯ. "ಗಾಡಿಯದು?"

ಹಾಲಮ್ಮ ಹಿಂದಿರುಗಿದಳು.

ಮರುದಿನ ಬೆಳಿಗ್ಗೆ ವ್ಯಾನನ್ನು ಅಂಗಳದ ಸಮ ನೆಲದಲ್ಲಿ ನಿಲ್ಲಿಸಿಕೊಂಡು ಮತ್ತೆ ಶುರುಮಾಡಿದಳು. ಹೇಗೋ ಒತ್ತಿ ಒಂದನೇ ಗೇರಿಗೆ ಹಾಕಿದಳು. ಕ್ಲಚ್ ಪೆಡಲನ್ನು ಬಿಡದೆ, ಪೂರ್ತಿ ಒತ್ತಿ ಹಿಡಿದೇ ಇದ್ದಳು. ಬ್ರೇಕಿನಿಂದ ಮಾತ್ರ ಕಾಲು ತೆಗೆದಳು.

ಗಾಡಿ ನಿಂತಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇರುವೆ ನಡೆದಂತೆ ಮುಂದಕ್ಕೆ ತೆವಳಿತು.

ಪೇಟೆಯಲ್ಲಿ ಕಲಿಸಿದವರು ಹೇಳಿದ್ದು ನೆನಪಾಯಿತು. ಕ್ಲಚ್ ಒತ್ತುವುದು ಎಂಜಿನ್ನಿನ ಹಿಡಿತ ಬಿಡಿಸುವುದಕ್ಕೆ. ಹಿಡಿತ ಬಿಟ್ಟರೆ ಮಾತ್ರ ಗೇರು ಬೀಳುತ್ತದೆ. ಇಲ್ಲಿ ಒತ್ತಿದರೂ ಹಿಡಿತ ಬಿಡುತ್ತಿಲ್ಲ. ಅದಕ್ಕೇ ಗಾಡಿ ತೆವಳುತ್ತಿದೆ. ಅದಕ್ಕೇ ಗೇರು ಹಲ್ಲು ಕಡಿಯುತ್ತಿದೆ.

ಯಾಕೆ ಬಿಡುತ್ತಿಲ್ಲ? ಅವಳು ಬಗ್ಗಿ ಪೆಡಲಿನ ಕೆಳಗೆ ನೋಡಿದಳು.

ಕೆಳಗೆ ದಪ್ಪನೆಯ ತೆಂಗಿನ ನಾರಿನ ಚಾಪೆ ಇತ್ತು. ಗಾಡಿ ಚೊಕ್ಕಟವಾಗಿರಲಿ ಎಂದು ಈಚೆಗೆ ಕೊಟ್ರಯ್ಯನೇ ತರಿಸಿ, ಹಳೆಯ ರಬ್ಬರ್ ಚಾಪೆಯ ಮೇಲೆಯೇ ಹಾಸಿಸಿದ್ದರು. ಪೆಡಲು ಕೆಳಗೆ ಹೋಗಿ ಅದಕ್ಕೆ ತಾಗುತ್ತಿತ್ತು.

ಹಾಲಮ್ಮನ ಮೈಯಲ್ಲಿ ಬಿಸಿ ಏರಿತು.

ಚಾಪೆಯನ್ನು ಎಳೆದು ತೆಗೆದಳು. ಮತ್ತೊಮ್ಮೆ ಗೇರು ಹಾಕಿ ನೋಡುವಷ್ಟೂ ತಾಳ್ಮೆ ಇರಲಿಲ್ಲ. ನೆಟ್ಟಗೆ ಜಗಲಿಗೆ ನಡೆದಳು. ಜನ ಪ್ರಸಾದಕ್ಕೆ ಕೂತಿದ್ದರು. ಅವರೆಲ್ಲರ ಎದುರಿಗೇ ಚಾಪೆಯನ್ನು ಕೊಟ್ರಯ್ಯನ ಕಾಲ ಬಳಿ ಎಸೆದಳು. ಧೂಳು ಎದ್ದಿತು.

"ನನ್ನ ಕೈ ಒರಟು ಅಂದಿರಲ್ಲ. ತಗೊಳ್ಳಿ. ನಿಮ್ಮ ಚಾಪೆ ಪೆಡಲಿಗೆ ಅಡ್ಡ ಬಂದಿತ್ತು. ಮೈಲಮ್ಮನನ್ನು ಹೊಳೆಗೆ ಕಳಿಸುತ್ತಿದ್ದದ್ದು ನಾನಲ್ಲ, ನೀವು."

ಕೊಟ್ರಯ್ಯನ ಮುಖ ಬಿಳುಪೇರಿತು. ಅವರು ಕೆಟ್ಟವರಲ್ಲ. ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

"ನನ್ನಿಂದ ಆಯಿತೇನಮ್ಮ?" ಎಂದು ಎದ್ದರು. "ನಡಿ, ತೋರಿಸು."

ಜನ ಎಲ್ಲ ಎದ್ದು ಬಂದು ವ್ಯಾನಿನ ಸುತ್ತ ನಿಂತರು. ಹಾಲಮ್ಮ ಎಂಜಿನ್ ಹಾಕಿದಳು. ಪೆಡಲನ್ನು ಬುಡಮಟ್ಟ ಒತ್ತಿದಳು. ಗೇರು ತಳ್ಳಿದಳು.

ಕರಕರ.

ಮತ್ತೆ ಒತ್ತಿದಳು, ಮತ್ತೆ ತಳ್ಳಿದಳು. ಅದೇ ಸದ್ದು.

ಯಾರೋ ನಕ್ಕರು. ಒಬ್ಬ ನಕ್ಕದ್ದಕ್ಕೆ ಇನ್ನೊಬ್ಬರೂ ನಕ್ಕರು. ಕೊಟ್ರಯ್ಯ ನಗಲಿಲ್ಲ. ಜಗಲಿಗೆ ಹೋಗಿ ಚಾಪೆ ಎತ್ತಿಕೊಂಡು, ಧೂಳು ಕೊಡವಿ, ಅವಳ ಹತ್ತಿರ ಬಂದರು.

"ಇದನ್ನು ಎಲ್ಲಿ ಹಾಸಲಿ ಹಾಲಮ್ಮ?"

ಅವಳಿಗೆ ತಲೆ ಎತ್ತಲಾಗಲಿಲ್ಲ. ಚಾಪೆ ಇಸಿದುಕೊಂಡು ಹೊಳೆಯ ಕಡೆಗೆ ಹೊರಟಳು.

ಅಜ್ಜಯ್ಯ ಮರಳಿನ ಮೇಲೆ ಕೂತಿದ್ದರು. ಅವಳ ಕೈಯಿಂದ ಚಾಪೆ ತೆಗೆದುಕೊಂಡು ಹಾಸಿ ಅದರ ಮೇಲೆ ಕೂತರು.

"ಕೂರಲು ಚೆನ್ನಾಗಿದೆ" ಎಂದರು.

ಹಾಲಮ್ಮ ನಿಂತೇ ಇದ್ದಳು.

"ಪೆಡಲಿಗೆ ಚಾಪೆ ತಾಗುತ್ತಿದ್ದದ್ದು ಸುಳ್ಳಲ್ಲ ಅಜ್ಜಯ್ಯ."

"ಸುಳ್ಳಲ್ಲ."

"ಮತ್ತೆ ಯಾಕೆ ಸರಿಹೋಗಲಿಲ್ಲ?"

"ನೀನು ಹುಡುಕುತ್ತಿದ್ದದ್ದು ಕೊಟ್ರಯ್ಯನನ್ನು. ಸಿಕ್ಕಿದ."

ಮಾತು ನಾಟಿತು. ಆದರೂ ಹಾಲಮ್ಮ ಸೋಲಲಿಲ್ಲ.

"ಅವರು ನನ್ನನ್ನು ಹುಡುಕಿದರು. ನಾನು ಅವರನ್ನು ಹುಡುಕಿದರೆ ತಪ್ಪೇನು?"

"ಅವನು ಗಾಡಿ ಓಡಿಸುವುದಿಲ್ಲ."

ಹೊಳೆಯಲ್ಲಿ ಒಂದು ತೆಪ್ಪ ಹೋಯಿತು.

ಆಮೇಲೆ ಅಜ್ಜಯ್ಯ ಚಾಪೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಬಿಟ್ಟುಬಿಡು ಹಾಲಮ್ಮ. ಸೋಮವಾರ ಡ್ರೈವರ್ ಬರುತ್ತಾನೆ. ಗಾಡಿ ಅವನು ನೋಡಿಕೊಳ್ಳುತ್ತಾನೆ. ನೀನು ಮಂತ್ರ ಕೇಳಿಕೊಂಡು ಬಂದವಳು. ಇಷ್ಟು ದಿನ ಕೊಟ್ಟಿರಲಿಲ್ಲ. ಇವತ್ತು ಕೊಡುತ್ತೇನೆ, ಬಾ ಕೂರು."

ಹಾಲಮ್ಮ ಕೂತಳು. ಈ ಮಾತಿಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಈಗ ಬಂದೇಬಿಟ್ಟಿತ್ತು. ಅಜ್ಜಯ್ಯ ಕಣ್ಣು ಮುಚ್ಚಿದರು. ಅವಳೂ ಮುಚ್ಚಿದಳು.

ಕಣ್ಣು ಮುಚ್ಚಿದರೆ ತಂಗಿ ಕಂಡಳು. ಹಟ್ಟಿಯ ಬೇವಿನ ಕೆಳಗೆ ಹೊರಸಿನ ಮೇಲೆ ಮಲಗಿದ್ದಳು. ಕುತ್ತಿಗೆ ಹೊರಳಿಸಿ ರಸ್ತೆಯನ್ನೇ ನೋಡುತ್ತಿದ್ದಳು.

"ಆಗುವುದಿಲ್ಲ ಅಜ್ಜಯ್ಯ" ಎಂದಳು.

ಗುರುವಿನ ಮಾತಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಮಂತ್ರ ಬೇಡ. ಯಾರು ನಕ್ಕರೂ ನಗಲಿ. ಆ ಗಾಡಿಗೆ ಏನಾಗಿದೆ ಅಂತ ನನಗೆ ತಿಳಿಯಬೇಕು. ತಿಳಿಯುವವರೆಗೆ ಕೀ ಕೊಡುವುದಿಲ್ಲ. ಕೊಟ್ರಯ್ಯನವರಿಗೂ ಕೊಡುವುದಿಲ್ಲ, ಆ ಡ್ರೈವರಿಗೂ ಕೊಡುವುದಿಲ್ಲ, ನೀವು ಕೇಳಿದರೂ ಕೊಡುವುದಿಲ್ಲ."

ಅಜ್ಜಯ್ಯ ಕಣ್ಣು ತೆರೆಯಲಿಲ್ಲ.

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?"

ಹಾಲಮ್ಮ ಎದ್ದಳು.

ವ್ಯಾನು ಅಂಗಳದಲ್ಲಿ ಬಿಸಿಲಿಗೆ ಕಾದಿತ್ತು. ಈ ಸಲ ಅವಳು ಯಾರನ್ನೂ ನೆನೆಯಲಿಲ್ಲ. ಏರಿನಲ್ಲಿ ಆದದ್ದನ್ನು ಮೊದಲಿನಿಂದ ನೆನಪಿಸಿಕೊಂಡಳು. ಗೇರು ಬೀಳಲಿಲ್ಲ. ಗಾಡಿ ಜಾರಿತು. ಬ್ರೇಕ್ ಹಿಡಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಆಮೇಲೆ ಗೇರು ಬಿತ್ತು.

ಆಮೇಲೆ ಯಾಕೆ ಬಿತ್ತು?

ಸಿಟ್ಟಿನಲ್ಲಿ ಪೆಡಲನ್ನು ದಬದಬ ತುಳಿದಿದ್ದಳು.

ಎಂಜಿನ್ ಹಾಕಿದಳು. ಪೆಡಲನ್ನು ಒಂದೇ ಸಲ ಒತ್ತಿ ಗೇರು ತಳ್ಳಿದಳು. ಕರಕರ. ಪೆಡಲನ್ನು ಮೇಲಿಂದ ಮೇಲೆ ತುಳಿದು, ಕೊನೆಗೆ ಒತ್ತಿ ಹಿಡಿದು, ತಳ್ಳಿದಳು. ಬಿತ್ತು. ಕಾಲಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಮೊದಲ ಸಲ ಪೆಡಲು ಹಸಿ ಮಣ್ಣು ತುಳಿದಂತೆ ಮೆತ್ತಗೆ ಇಳಿಯುತ್ತಿತ್ತು. ತುಳಿದು ತುಳಿದು ಬಂದ ಮೇಲೆ ಗಟ್ಟಿಯಾಗುತ್ತಿತ್ತು.

ಪೆಡಲಿನ ಬಲವನ್ನು ಕ್ಲಚ್ಚಿಗೆ ಮುಟ್ಟಿಸುವುದು ಎಣ್ಣೆ. ಎಣ್ಣೆ ಸಾಲದಿದ್ದರೆ, ಕೊಳವೆಯಲ್ಲಿ ಗಾಳಿ ತುಂಬಿದರೆ, ಕಾಲು ಎಷ್ಟು ಒತ್ತಿದರೂ ಅಲ್ಲಿಗೆ ಮುಟ್ಟುವುದಿಲ್ಲ.

ಬಾನೆಟ್ ಎತ್ತಿದಳು. ಕ್ಲಚ್ಚಿನ ಎಣ್ಣೆಯ ಪುಟ್ಟ ಡಬ್ಬಿ ಒಂದು ಮೂಲೆಯಲ್ಲಿತ್ತು. ಮೇಲೆಲ್ಲ ಧೂಳು. ಮುಚ್ಚಳ ತಿರುಗಿಸಿ ಒಳಗೆ ನೋಡಿದಳು.

ತಳದಲ್ಲಿ ಒಂದಿಷ್ಟು ಪಸೆ ಇತ್ತು, ಅಷ್ಟೇ.

ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಒಳಗೆ ಸರಿದಳು. ಗೇರ್‌ಬಾಕ್ಸಿನ ಮಗ್ಗುಲಲ್ಲಿ, ಕ್ಲಚ್ಚಿನ ತೋಳನ್ನು ತಳ್ಳುವ ಚಿಕ್ಕ ಸಿಲಿಂಡರ್ ಇತ್ತು. ಅದರ ಬಾಯಿಗೆ ಕಟ್ಟಿದ ರಬ್ಬರ್ ಟೋಪಿ ಒದ್ದೆಯಾಗಿತ್ತು. ಬೆರಳಿಂದ ಒತ್ತಿದಳು. ಎಣ್ಣೆ ಜಿನುಗಿ ಮಣಿಕಟ್ಟಿಗೆ ಇಳಿಯಿತು.

ಹಾಲಮ್ಮ ಅಲ್ಲೇ ಮಲಗಿದ್ದಳು.

ಯಾರ ಕೈಯೂ ಅಲ್ಲ, ಯಾರ ಚಾಪೆಯೂ ಅಲ್ಲ. ಒಳಗಿನ ರಬ್ಬರು ಹಳೆಯದಾಗಿ ಸವೆದಿತ್ತು. ಬೈಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಮುಚ್ಚಳದ ಮೇಲಿನ ಧೂಳು ನೆನಪಾಯಿತು. ನೀರು ಹಾಕಲು ದಿನಾ ಬಾನೆಟ್ ಎತ್ತುತ್ತಿದ್ದಳು. ಆ ಡಬ್ಬಿ ಪಕ್ಕದಲ್ಲೇ ಇತ್ತು. ಒಮ್ಮೆಯೂ ತೆಗೆದು ನೋಡಿರಲಿಲ್ಲ. ಗೇರು ಬಿಗಿಯಾದಾಗಲೆಲ್ಲ ಕೈಗೆ ಬಲ ಹಾಕಿದ್ದಳು. ಯಾಕೆ ಬಿಗಿ ಎಂದು ಕೇಳಿರಲಿಲ್ಲ.

ಗಾಡಿಯ ಕೆಳಗಿನಿಂದ ಹೊರಗೆ ಬಂದಾಗ ಅಜ್ಜಯ್ಯ ನಿಂತಿದ್ದರು.

"ಗಾಡಿ ಏನಂತು?"

"ಎಣ್ಣೆ ಸೋರಿದೆ. ಕೆಳಗಿನ ಸಿಲಿಂಡರಿನ ರಬ್ಬರು ಹೋಗಿದೆ."

"ಅಷ್ಟೇನಾ?"

ಹಾಲಮ್ಮ ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ಗೇರು ಬಿಗಿಯಾದ ದಿನದಿಂದ ಹೇಳುತ್ತಿತ್ತಂತೆ. ನಾನು ಕೇಳಿಸಿಕೊಂಡಿರಲಿಲ್ಲ."

ಅಜ್ಜಯ್ಯ ತಲೆದೂಗಿ ಹೊರಟುಹೋದರು.

ಆಚಾರಿಗೆ ಹಾಲಮ್ಮನೇ ಫೋನು ಮಾಡಿದಳು. ಗೇರ್‌ಬಾಕ್ಸ್ ಬಿಚ್ಚುವ ಸಿದ್ಧತೆಯಲ್ಲೇ ಅವನು ಬಂದ. ಅವಳು ಹೇಳಿದ್ದನ್ನು ಪೂರ್ತಿ ಕೇಳಿ, ಗಾಡಿಯ ಕೆಳಗೆ ಹೋಗಿ ನೋಡಿ, ತಂದ ಸಾಮಾನುಗಳಲ್ಲಿ ಅರ್ಧವನ್ನು ಚೀಲಕ್ಕೆ ಹಾಕಿದ.

"ಫೋನಿನಲ್ಲಿ ಕೇಳಿ ಹೇಳಬಾರದಿತ್ತು ಅಕ್ಕ" ಎಂದ. "ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಆದರೆ ಹೀಗೇ ಒತ್ತಿ ಒತ್ತಿ ಹಾಕುತ್ತಿದ್ದರೆ ನಾಳೆ ಅದೂ ಹೋಗುತ್ತಿತ್ತು."

"ಗೊತ್ತಾಯಿತು" ಎಂದಳು.

ಹೊಸ ರಬ್ಬರು ಹಾಕಿದರು. ಎಣ್ಣೆ ತುಂಬಿದರು. ಹಾಲಮ್ಮ ಮೇಲೆ ಕೂತು ಪೆಡಲು ಒತ್ತಿ ಹಿಡಿಯುವಳು, ಆಚಾರಿ ಕೆಳಗೆ ತಿರುಪು ಸಡಿಲಿಸಿ ಗಾಳಿ ಬಿಡುವನು. "ಒತ್ತು ಅಕ್ಕ." "ಒತ್ತಿದೆ." "ಹಿಡಿದುಕೋ." "ಹಿಡಿದೆ." ಗುಳ್ಳೆ ಬರುವುದು ನಿಂತು ಬರೀ ಎಣ್ಣೆ ಬರುವವರೆಗೆ ಹಾಗೇ ಮಾಡಿದರು. ಕೊನೆಗೆ ಪೆಡಲು ಅವಳ ಕಾಲಿಗೆ ಎದುರು ನಿಂತಿತು.

ಎಂಜಿನ್ ಹಾಕಿ ಗೇರು ತಳ್ಳಿದಳು. ಸದ್ದೇ ಇಲ್ಲದೆ ಬಿತ್ತು.

ಸೋಮವಾರ ಬೆಳಿಗ್ಗೆ ಜಗಲಿಯ ಮುಂದೆ ಜನ ಸೇರಿದ್ದರು. ಹಟ್ಟಿಯ ಹಿರಿಯರು ಬಂದಿದ್ದರು. ಪೇಟೆಯ ಡ್ರೈವರ್ ಬಂದು ಒಂದು ಕಡೆ ನಿಂತಿದ್ದ. ವಾರದ ಔಷಧಿಗೆ ಪೇಟೆಗೆ ಹೋಗುವ ರೋಗಿಗಳು ಹೊಳೆಯ ಆಚೆ ದಂಡೆಯಲ್ಲಿ ವ್ಯಾನಿಗೆ ಕಾಯುತ್ತಿದ್ದರು.

ಹಾಲಮ್ಮ ಹಳೆಯ ರಬ್ಬರನ್ನು ಕೊಟ್ರಯ್ಯನ ಮುಂದಿಟ್ಟು ಆದದ್ದನ್ನು ಹೇಳಿದಳು.

"ನನಗೆ ಇದೆಲ್ಲ ತಿಳಿಯುವುದಿಲ್ಲಮ್ಮ" ಎಂದರು ಕೊಟ್ರಯ್ಯ.

"ಹಾಗಾದರೆ ಹತ್ತಿ."

ಕೊಟ್ರಯ್ಯ ಹಿರಿಯರತ್ತ ನೋಡಿದರು. ಆಮೇಲೆ ಹತ್ತಿದರು.

ಹಾಲಮ್ಮ ಸೇತುವೆಯವರೆಗೆ ಇಳಿದು, ಗಾಡಿ ತಿರುಗಿಸಿ ಏರಿಗೆ ಬಂದಳು. ಆವತ್ತು ಜಾರಿದ ಜಾಗದಲ್ಲೇ, ಎಮ್ಮೆಗಳಿಲ್ಲದಿದ್ದರೂ, ಬೇಕೆಂದೇ ನಿಲ್ಲಿಸಿದಳು. ಕೊಟ್ರಯ್ಯ ಸೀಟಿನ ಅಂಚು ಹಿಡಿದುಕೊಂಡರು. ಹಿಂದೆ ಕೆಳಗೆ ಹೊಳೆ ಕಾಣುತ್ತಿತ್ತು.

"ಇಲ್ಲಿ ಯಾಕಮ್ಮ?"

"ಇಲ್ಲೇ."

ಕ್ಲಚ್ ಒತ್ತಿದಳು. ಒಂದನೇ ಗೇರು ಬಿತ್ತು. ಹ್ಯಾಂಡ್‌ಬ್ರೇಕ್ ಬಿಟ್ಟಳು. ಗಾಡಿ ಒಂದು ಗೇಣೂ ಹಿಂದೆ ಹೋಗದೆ ಮೇಲೆ ಹತ್ತಿತು.

ಅಂಗಳಕ್ಕೆ ಬಂದು ನಿಂತಾಗ ಪೇಟೆಯ ಡ್ರೈವರ್ ಕೊಟ್ರಯ್ಯನ ಬಳಿ ಬಂದು, "ನಾನು ಹೋಗಲಾ ಸ್ವಾಮಿ?" ಎಂದು ಕೇಳಿದ. ಕೊಟ್ರಯ್ಯ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಗಾಡಿ ಸರಿಯಾಯಿತು, ಒಪ್ಪಿದೆ" ಎಂದರು ಹಾಲಮ್ಮನಿಗೆ. "ಆದರೆ ಜನರ ಎದುರು ಚಾಪೆ ಎಸೆದೆ. ಹಿರಿಯರ ಮನಸ್ಸು ನೊಂದಿದೆ. ಅವರ ಮುಂದೆ ತಪ್ಪಾಯಿತು ಅನ್ನು. ಕೀ ನಿನ್ನ ಹತ್ತಿರವೇ ಇರಲಿ."

ಹಾಲಮ್ಮ ಗಾಡಿಯಿಂದ ಇಳಿದಳು.

"ಚಾಪೆ ಎಸೆದದ್ದು ತಪ್ಪು" ಎಂದಳು. "ನೋಡದೆ ನಿಮ್ಮ ಮೇಲೆ ಹೊರಿಸಿದೆ. ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ." ಮುಗಿದಳು. "ಎಣ್ಣೆಯ ಮುಚ್ಚಳ ತೆಗೆದು ನೋಡಲಿಲ್ಲ. ಅದಕ್ಕೆ ಮೈಲಮ್ಮನ ಮನೆಗೆ ಹೋಗಿ ಕೈ ಮುಗಿದು ಬಂದಿದ್ದೇನೆ."

"ಅಷ್ಟೇ ಸಾಲದು" ಎಂದ ಹಿರಿಯರಲ್ಲೊಬ್ಬ. "ಹೆಣ್ಣಾಗಿ ಈ ಕೆಲಸಕ್ಕೆ ಕೈ ಹಾಕಿದ್ದೇ ತಪ್ಪು ಅನ್ನು. ತಲೆ ತಗ್ಗಿಸಿ ನಮ್ಮ ಮುಂದೆ ಒಂದು ಮಾತು ಹೇಳು. ಆಮೇಲೆ ನಾವೇ ದೊಡ್ಡ ಮನಸ್ಸು ಮಾಡಿ ಓಡಿಸು ಅನ್ನುತ್ತೇವೆ."

"ಅದನ್ನು ಹೇಳುವುದಿಲ್ಲ."

"ಒಂದು ಮಾತಮ್ಮ" ಎಂದರು ಕೊಟ್ರಯ್ಯ. "ಹೇಳಿದರೆ ಮುಗಿಯಿತು."

"ಗಾಡಿ ಜಾರಿದಾಗ ಹಿಡಿದು ನಿಲ್ಲಿಸಿದ್ದು ಈ ಕೈ. ಇದು ತಪ್ಪು ಅಂತ ನಾನು ಹೇಳಿದರೆ, ಆವತ್ತು ಗಾಡಿಗೆ ಕಾದು ಕಾದು ಹೋದ ನನ್ನ ತಂಗಿಗೆ ಏನು ಹೇಳಲಿ? ಹೇಳುವುದಿಲ್ಲ. ಕೀ ಬೇಕಾದರೆ ಕಿತ್ತುಕೊಳ್ಳಿ."

ಅವಳು ಕೀಯನ್ನು ಅಂಗೈಯಲ್ಲಿಟ್ಟು ಮುಂದಕ್ಕೆ ಚಾಚಿದಳು.

ಯಾರೂ ಮುಂದೆ ಬರಲಿಲ್ಲ. ಕೊಟ್ರಯ್ಯ ಅಜ್ಜಯ್ಯನತ್ತ ತಿರುಗಿದರು. ಅಜ್ಜಯ್ಯ ಅಷ್ಟು ಹೊತ್ತೂ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು.

"ನೀವಾದರೂ ಹೇಳಿ ಅಜ್ಜಯ್ಯ. ಶಿಷ್ಯೆ ನಿಮ್ಮವಳು. ತಲೆ ತಗ್ಗಿಸುವುದನ್ನು ಸ್ವಲ್ಪ ಕಲಿಸಬೇಡವೇ?"

ಅಜ್ಜಯ್ಯ ಎದ್ದು ಬಂದರು. ವ್ಯಾನಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತು, ಆಚೆ ದಂಡೆಯಲ್ಲಿ ಕಾಯುತ್ತಿದ್ದವರ ಕಡೆ ನೋಡಿದರು.

"ತಲೆ ತಗ್ಗಿಸಿಕೊಂಡು ಓಡಿಸಿದರೆ, ಕೊಟ್ರಯ್ಯ, ರಸ್ತೆ ನೋಡುವವರು ಯಾರು?"